ಐದು ಸೆಂಟ್ ಅಂಗಳಕ್ಕೆ ಎಂಥ ಮರ?

ಸಂಪಾದಕರಿಗೆ,

ಮಾನ್ಯರೇ,

ಜೂನ್ ಬಂತೆಂದರೆ ಕೊಡಗು ಜಿಲ್ಲೆಯ ಪುಟದಲ್ಲಿ ಎರಡು ಬಗೆಯ ಚಿತ್ರಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಒಂದರಲ್ಲಿ ಹತ್ತು ಮಂದಿ ಸೇರಿ ಒಂದು ಸಸಿಗೆ ಕೈ ಹಚ್ಚಿ ನಿಂತಿರುತ್ತಾರೆ. ಇನ್ನೊಂದರಲ್ಲಿ ಯಾರದೋ ಮನೆಯ ಹೆಂಚಿನ ಮೇಲೆ ಮರ ಮಲಗಿರುತ್ತದೆ. ಎರಡನೆಯದಕ್ಕೆ ನಾವು ಗಾಳಿಯನ್ನು ದೂರುತ್ತೇವೆ. ಆದರೆ ಬಿದ್ದ ಮರದ ಬುಡವನ್ನು ಬಗ್ಗಿ ನೋಡಿದರೆ ಬಹಳ ಸಲ ಕಾಣುವುದು ಬೇರೆ: ನರ್ಸರಿ ಚೀಲದ ಆಕಾರದಲ್ಲೇ ಉರುಟಾಗಿ ಸುತ್ತಿಕೊಂಡ ಬೇರು, ಅರ್ಧ ಅಡಿ ಮಣ್ಣಿನಡಿ ಹೂತು ಕೊಳೆತ ಬುಡ, ಇಲ್ಲವೇ ಮನೆ ಕಟ್ಟುವಾಗ ಜೆಸಿಬಿ ಕತ್ತರಿಸಿ ಹಾಕಿದ ಒಂದು ಬದಿ. ಇವುಗಳಲ್ಲಿ ಮೊದಲೆರಡು ಸಸಿ ನೆಟ್ಟ ದಿನವೇ ಆಗಿಹೋದ ತಪ್ಪುಗಳು. ಸಸಿ ಹಂಚುವವರೂ ಒಯ್ದು ನೆಡುವವರೂ ಅದನ್ನು ಆ ದಿನವೇ ತಪ್ಪಿಸಬಹುದು ಎಂಬ ಕಾರಣಕ್ಕೆ ಈ ಪತ್ರ, ತುಸು ದೀರ್ಘವಾದರೂ.

ಮೊದಲು ಜಾಗದ ಲೆಕ್ಕ. ಐದು ಸೆಂಟ್ ಎಂದರೆ 2,178 ಚದರ ಅಡಿ. ಅದರಲ್ಲಿ ಮನೆ, ನೀರಿನ ತೊಟ್ಟಿ, ಶೌಚಗುಂಡಿ, ವಾಹನ ನಿಲ್ಲಿಸುವ ಜಾಗ ಕಳೆದರೆ ಮರಕ್ಕೆ ಉಳಿಯುವುದು ಒಂದೆರಡು ಮೂಲೆ. 30 ಅಡಿ ಅಗಲಕ್ಕೆ ಕೊಂಬೆ ಚಾಚುವ ಒಂದೇ ಮರ 700 ಚದರ ಅಡಿಯನ್ನು ಮುಚ್ಚುತ್ತದೆ. ಆದ್ದರಿಂದ ಸಸಿ ಆರಿಸುವಾಗ ಕೈಯಲ್ಲಿರುವ ಎರಡಡಿಯ ಗಿಡವನ್ನು ನೋಡಿ ಪ್ರಯೋಜನವಿಲ್ಲ. ಇಪ್ಪತ್ತು ವರ್ಷದ ಮೇಲೆ ಅದರ ಎತ್ತರ, ಹರವು ಎಷ್ಟು ಎಂದು ಕೇಳಿ, ಅಷ್ಟಗಲದ ವೃತ್ತವನ್ನು ಅಂಗಳದಲ್ಲಿ ಹಗ್ಗ ಹಿಡಿದು ಗುರುತಿಸಿ ನೋಡಬೇಕು. ವೃತ್ತ ಮಾಡಿನ ಮೇಲೆ, ವಿದ್ಯುತ್ ತಂತಿಯ ಕೆಳಗೆ ಅಥವಾ ಪಕ್ಕದವರ ಬೇಲಿಯಾಚೆ ಹೋಯಿತೇ? ಬೇರೆ ಮರ ಹುಡುಕಿ. 15ರಿಂದ 20 ಅಡಿಗೆ ನಿಲ್ಲುವ ಮರವನ್ನು ಗೋಡೆಯಿಂದ 10 ಅಡಿಗೆ ನೆಡಬಹುದು. 40 ಅಡಿ ಮೀರುವ ಯಾವುದನ್ನೂ 25 ಅಡಿಗಿಂತ ಹತ್ತಿರ ನೆಡಬಾರದು. ಶೌಚಗುಂಡಿ, ಬಾವಿ, ಚರಂಡಿಗಳಿಂದ ಎಂಥ ಮರವಾದರೂ 15 ಅಡಿ ದೂರವಿರಲಿ. ಅತ್ತಿ, ಬಸರಿ, ಗೋಣಿ, ಆಲದ ಜಾತಿಯವಾದರೆ 50 ಅಡಿಯೂ ಕಮ್ಮಿಯೇ. ಅವುಗಳ ಬೇರು ನೀರಿನ ಪಸೆ ಸಿಕ್ಕಲ್ಲಿ ಕಲ್ಲಿನ ಸಂದಿಗೂ ಇಳಿಯುತ್ತದೆ.

ದಿಕ್ಕಿನ ಮಾತನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಮುಂಗಾರಿನ ಬಲವಾದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ನೆಲ ನೀರು ಕುಡಿದು ಮೆತ್ತಗಾಗಿರುವ ಜುಲೈ-ಆಗಸ್ಟ್‌ನಲ್ಲಿ ಬುಡ ಸಮೇತ ಏಳುವ ಮರ ಸಾಮಾನ್ಯವಾಗಿ ಪೂರ್ವಕ್ಕೆ, ಈಶಾನ್ಯಕ್ಕೆ ಬೀಳುತ್ತದೆ. ಹಾಗಾಗಿ ಎತ್ತರದ ಮರ ಬೇಕೇ ಬೇಕೆಂದಿದ್ದರೆ ಮನೆಯ ಪೂರ್ವ ಅಥವಾ ಉತ್ತರಕ್ಕೆ, ದೂರದಲ್ಲಿ ಇರಲಿ. ಪಶ್ಚಿಮದ ಬದಿಗೆ ಗಿಡ್ಡ, ದಟ್ಟ ಮರಗಳನ್ನು ಹಾಕಿದರೆ ಗೋಡೆಗೆ ಹೊಡೆಯುವ ಎರಚಲೂ ತಗ್ಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸುಂಟರಗಾಳಿ ಯಾವ ಕಡೆಯಿಂದಲೂ ಬರಬಹುದು, ನಿಜ. ಆದರೆ ಆಗ ನೆಲ ಗಟ್ಟಿಯಿರುವುದರಿಂದ ಮುರಿಯುವುದು ಹೆಚ್ಚಾಗಿ ಕೊಂಬೆ.

ಬರೆಯ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯ, ಅಂಚಿನ ವಿಷಯಕ್ಕೆ ಇನ್ನಷ್ಟು ಎಚ್ಚರ ಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತಗಳ ನಂತರ ಬರೆ ಕಂಡಲ್ಲೆಲ್ಲ ಮರ ನೆಡಿ ಎಂಬ ಸಲಹೆ ಕೇಳಿಬರುತ್ತಿದೆ. ಬೇರು ಮಣ್ಣು ಹಿಡಿಯುತ್ತದೆ ಎಂಬುದು ಸರಿ, ಆದರೆ ನೆಟ್ಟಗೆ ಕಡಿದ ಹತ್ತಡಿಯ ಬರೆಯ ತುದಿಯಲ್ಲಿ ನಿಂತ ಐವತ್ತಡಿಯ ಮರ ಗಾಳಿಗೆ ತೂಗಾಡುತ್ತ ಅದೇ ಮಣ್ಣನ್ನು ಮೀಟುತ್ತದೆ. ಅದರ ಬೇರು ಒಂದು ಬದಿಗೆ ಮಾತ್ರ ಹಬ್ಬಿರುತ್ತದೆ. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ಒಳಕ್ಕೆ ಮರ ನೆಡಿ. ಅಂಚಿಗೂ ಇಳಿಜಾರಿಗೂ ಲಾವಂಚ ಸಾಕು: ಅಡ್ಡ ಸಾಲಿನಲ್ಲಿ ಅರ್ಧ ಅಡಿಗೊಂದು ಕಡ್ಡಿ, ಸಾಲಿನಿಂದ ಸಾಲಿಗೆ ಮೂರಡಿ. ಅದರ ಬೇರು ಆರಡಿಗೂ ಮಿಕ್ಕಿ ನೇರ ಕೆಳಗಿಳಿಯುತ್ತದೆ, ಮೇಲೆ ಭಾರವಿಲ್ಲ. ಬರೆಯ ನೆತ್ತಿಯಲ್ಲಿ ಮಳೆನೀರು ಒಳಗಿಳಿಯದಂತೆ ಚರಂಡಿ ತೋಡಿ ಬದಿಗೆ ಹರಿಸದೆ ಹೋದರೆ ಲಾವಂಚವೂ ಉಳಿಯದು.

ಇನ್ನು ಯಾವ ಮರ? ಕೊಡಗು ಒಂದೇ ಜಿಲ್ಲೆಯಾದರೂ ಒಂದೇ ಹವೆಯಲ್ಲ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚಿನ ಆಸುಪಾಸು ಮಳೆ, ಮಡಿಕೇರಿಯಲ್ಲಿ 120 ಇಂಚಿನ ಮೇಲೆ, ಕುಶಾಲನಗರದಲ್ಲಿ 40ರ ಸುತ್ತಮುತ್ತ. ಕುಶಾಲನಗರ, ಹೆಬ್ಬಾಲೆ, ಶಿರಂಗಾಲದ ಕಡೆ ಚೆನ್ನಾಗಿ ಬರುವ ಸಪೋಟ, ನುಗ್ಗೆ, ಕಸಿಮಾವುಗಳನ್ನು ಮಡಿಕೇರಿಯ ಮಂಜಿಗೆ ತಂದರೆ ಮರ ಸೊಂಪಾಗಿ ಬೆಳೆದೀತು, ಹಣ್ಣು ಕೊಡುವುದಿಲ್ಲ. ಮಾವಿನ ಹೂವಿಗೆ ಇಬ್ಬನಿ, ಮೋಡ ಸೇರಿದರೆ ಬೂದಿರೋಗ, ಚಿಬ್ಬುರೋಗ. ಉಳಿದ ಕಾಯಿ ಮಾಗುವಷ್ಟರಲ್ಲಿ ಮಳೆ ಹಿಡಿದು ಹುಳ. ಮಡಿಕೇರಿ, ನಾಪೋಕ್ಲು ಕಡೆಯವರಿಗೆ ಮಾವು ಬೇಕೆಂದರೆ ಸಾರಿಗೆ ಹಾಕುವ ಕಾಡುಮಾವೇ ವಾಸಿ. ಅದು ದೊಡ್ಡ ಮರವಾಗುತ್ತದೆ, ಅಂಗಳಕ್ಕಲ್ಲ, ತೋಟದ ಬೇಲಿಗೆ. ಸಂಪಾಜೆ, ಕರಿಕೆಯ ತಗ್ಗಿನ ಬೆಚ್ಚನೆ ಜಾಗದಲ್ಲಿ ಜಾಯಿಕಾಯಿ, ಪುನರ್ಪುಳಿ, ರಂಬುಟಾನ್ ಹಿಡಿಯುವಂತೆ ಎತ್ತರದ ಊರುಗಳಲ್ಲಿ ಹಿಡಿಯುವುದಿಲ್ಲ.

ಮಳೆ ಹೆಚ್ಚಿರುವ ಊರಿನ ಸಣ್ಣ ಅಂಗಳಕ್ಕೆ ನಮ್ಮ ಮೊದಲ ಆಯ್ಕೆ ಕಾಚಂಪುಳಿ ಎಂಬ ಅಡುಗೆಯ ಹುಳಿ ಕೊಡುವ ಮರ, ಅಂದರೆ ಪಣಂಪುಳಿ ಅಥವಾ ಉಪ್ಪಾಗೆ. ನಿಧಾನ ಬೆಳೆಯುತ್ತದೆ, ಎಳವೆಯಲ್ಲಿ ನೆರಳು ತಾಳುತ್ತದೆ, ಎಲೆ ವರ್ಷವಿಡೀ ಹಸಿರು. ಕತ್ತರಿಸಿ 20 ಅಡಿಯಲ್ಲಿ ನಿಲ್ಲಿಸಿದರೂ ಮುನಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಉದುರುವ ಹಣ್ಣನ್ನು ಹೆಕ್ಕಿ, ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದರೆ ಮನೆಗೆ ವರ್ಷಕ್ಕಾಗುವಷ್ಟು ಕಾಚಂಪುಳಿ. ಒಂದೇ ತೊಡಕು: ಇದರಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಬೀಜದ ಸಸಿ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೆ ತಿಳಿಯದು, ಅದಕ್ಕೆ ಎಂಟು ಹತ್ತು ವರ್ಷ ಕಾಯಬೇಕು. ಹಣ್ಣು ಬಿಡುವ ಮರದಿಂದ ಮಾಡಿದ ಕಸಿಗಿಡವನ್ನೇ ಕೇಳಿ ತನ್ನಿ. ಅದರಲ್ಲೂ ನೆಟ್ಟಗೆ ಬೆಳೆಯುವ ಚಿಗುರಿನಿಂದ ಕಟ್ಟಿದ ಕಸಿಯಾಗಿರಬೇಕು. ಅಡ್ಡ ಕೊಂಬೆಯ ಕಡ್ಡಿಯಿಂದ ಕಟ್ಟಿದ್ದು ಮರವಾಗದೆ ನೆಲದ ಮೇಲೆ ಅಡ್ಡಡ್ಡ ಹರಡುತ್ತದೆ. ಜಾಯಿಕಾಯಿ, ಪುನರ್ಪುಳಿಗೂ ಇದೇ ಮಾತು. ರಂಬುಟಾನ್‌ನ ಬೀಜದ ಸಸಿಗಳಲ್ಲೂ ಗಂಡು ಬರುತ್ತದೆ.

ಬೆಣ್ಣೆಹಣ್ಣಿಗೆ ಈಗ ಬೆಲೆ ಬಂದು ಎಲ್ಲರೂ ನೆಡುತ್ತಿದ್ದಾರೆ. ಕೊಡಗಿನ ಹವೆ ಅದಕ್ಕೆ ಒಗ್ಗುತ್ತದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳು ಬಂದಿವೆ. ಆದರೆ ನೀರು ನಿಂತ ನೆಲದಲ್ಲಿ ಬೇರುಕೊಳೆ ತಗುಲಿ, ತುದಿಯಿಂದ ಒಣಗುತ್ತ ಬಂದು, ಎರಡು ಮೂರು ಮಳೆಗಾಲದಲ್ಲಿ ಸಾಯುವ ಮರವೂ ಇದೇ. ನೆಲಮಟ್ಟಕ್ಕಿಂತ ಒಂದರಿಂದ ಒಂದೂವರೆ ಅಡಿ ಎತ್ತರದ, ಐದಾರು ಅಡಿ ಅಗಲದ ಮಣ್ಣಿನ ದಿಬ್ಬದ ಮೇಲೆಯೇ ನೆಡಬೇಕು. ಹೂವಿನಲ್ಲಿ ಎರಡು ಬಗೆ: ಒಂದು ಬೆಳಿಗ್ಗೆ ಹೆಣ್ಣಾಗಿ ಅರಳಿ ಮರುದಿನ ಮಧ್ಯಾಹ್ನ ಗಂಡಾಗುತ್ತದೆ, ಇನ್ನೊಂದು ಮಧ್ಯಾಹ್ನ ಹೆಣ್ಣಾಗಿ ಮರುದಿನ ಬೆಳಿಗ್ಗೆ ಗಂಡಾಗುತ್ತದೆ. ಒಂಟಿ ಮರವೂ ಅಷ್ಟಿಷ್ಟು ಕಾಯಿ ಬಿಡುತ್ತದೆ. ನೆರೆಯಲ್ಲೆಲ್ಲಾದರೂ ಇನ್ನೊಂದು ಬಗೆಯ ಮರವಿದ್ದರೆ ಫಸಲು ಕಣ್ಣಿಗೆ ಕಾಣುವಷ್ಟು ಹೆಚ್ಚು. ಕಸಿಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಹಿಡಿಯುತ್ತದೆ. ಕೊಂಬೆ ಪೆಡಸು, ಆದ್ದರಿಂದ ಮಾಡಿನ ಮೇಲೆ ಚಾಚಲು ಬಿಡಬೇಡಿ.

ಕೊಡಗಿನ ಕಿತ್ತಳೆಯನ್ನು ಮನೆಯಂಗಳದಲ್ಲಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಹಲವರಿಗೆ. ಸಾಧ್ಯವಿದೆ, ಆದರೆ ಕಣ್ಣು ಕಸಿ ಮಾಡಿದ ರೋಗಮುಕ್ತ ಗಿಡವನ್ನು ನಂಬಿಕಸ್ಥ ನರ್ಸರಿಯಿಂದ ತರಬೇಕು. ಕಸಿ ಗಂಟು ನೆಲದಿಂದ ಅರ್ಧ ಅಡಿಗಿಂತ ಮೇಲಿರಬೇಕು. ಮಣ್ಣು ಅಲ್ಲಿಗೆ ತಾಗಿತೆಂದರೆ ತೊಗಟೆಯಿಂದ ಅಂಟು ಸೋರಲು ಶುರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬುಡದಿಂದ ಎರಡಡಿಯವರೆಗೆ ಬೋರ್ಡೋ ಮುಲಾಮು ಬಳಿಯಿರಿ: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ಅದೇ ದಿನ ಬಳಸಬೇಕು. ಸಿಂಪಡಿಸುವ ದ್ರಾವಣವಾದರೆ ಇದೇ ಪ್ರಮಾಣಕ್ಕೆ ನೀರು ಹತ್ತು ಲೀಟರ್. ಬೆರೆಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಎಲೆ ಅಲ್ಲಲ್ಲಿ ಹಳದಿ ತೇಪೆ ಹಾಕಿದಂತಾಗಿ ಹಣ್ಣು ಸಣ್ಣದಾಗಿ ಓರೆಯಾದರೆ ಅದು ಗ್ರೀನಿಂಗ್ ರೋಗ. ಅದಕ್ಕೆ ಔಷಧಿಯಿಲ್ಲ, ಗಿಡ ಕಿತ್ತು ಸುಡಬೇಕು. ರೋಗ ಹರಡುವ ಸಿಲ್ಲಾ ಎಂಬ ಪುಟ್ಟ ಕೀಟ ಕರಿಬೇವಿನ ಚಿಗುರಿನಲ್ಲೂ ಬದುಕುತ್ತದೆ. ಅಡುಗೆಮನೆ ಹಿಂದೆ ಎರಡನ್ನೂ ಜೋಡಿಯಾಗಿ ನೆಡುವ ನಮ್ಮ ರೂಢಿಯನ್ನು ಬಿಡುವುದೇ ಕ್ಷೇಮ.

ಹಲಸಿನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಮನೆಯಿಂದ 30 ಅಡಿ ದೂರವಿದ್ದರೆ ಇದಕ್ಕಿಂತ ಉಪಕಾರಿ ಮರವಿಲ್ಲ. ತಾಯಿಬೇರು ಸುತ್ತಿಕೊಳ್ಳದಿರಲು ಬೀಜವನ್ನು ಜಾಗದಲ್ಲೇ ಬಿತ್ತುವುದು ಉತ್ತಮ. ಸಿದ್ದಾಪುರದ ಸುತ್ತ, ಕಾಡಂಚಿನ ಊರುಗಳಲ್ಲಿ ಮಾತ್ರ ಹಣ್ಣಿನ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ. ಅಲ್ಲಿ ಇರುವ ಮರದ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡಿ, ಹೊಸದನ್ನು ನೆಡಬೇಡಿ. ಹೂವಿಗಾಗಿ ಸಂಪಿಗೆ ನೆಡುವವರು ಕಸಿಗಿಡ ತಂದರೆ ಎರಡು ಮೂರು ವರ್ಷಕ್ಕೇ ಹೂ, ಮರವೂ ಚಿಕ್ಕದು. ಬೀಜದ ಸಂಪಿಗೆ ನೂರಡಿಯ ಕಾಡುಮರವಾಗುವಂಥದ್ದು. ರಂಜಲ, ಸುರಗಿ, ಸೀತಾ ಅಶೋಕ ಮೂರೂ ಗಾಳಿ ತಾಳುವ, ಹತೋಟಿಗೆ ಬರುವ ಮರಗಳು. ತೇವ, ಅರೆನೆರಳು ಇದ್ದಲ್ಲಿ ಸೀತಾ ಅಶೋಕಕ್ಕೆ ಸಮನಾದದ್ದಿಲ್ಲ. ಚಕ್ಕೋತ, ಪೇರಳೆ, ಪನ್ನೇರಳೆಯನ್ನು ಎಲ್ಲರೂ ಬಲ್ಲರು.

ಬೇಡದವು: ಸಿಲ್ವರ್ ಓಕ್, ಅಕೇಶಿಯಾ, ಗುಲ್‌ಮೊಹರ್, ನೀರುಕಾಯಿ ಮರ. ನಾಲ್ಕೂ ಬೇಗ ಬೆಳೆಯುತ್ತವೆ, ನಾಲ್ಕರ ಕೊಂಬೆಯೂ ಪಟಕ್ಕನೆ ಮುರಿಯುತ್ತದೆ. ತೋಟದಲ್ಲಿ ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಇರಲಿ, ಹಾಸುಗೆ ಕೋಣೆಯ ಕಿಟಕಿ ಪಕ್ಕಕ್ಕೆ ಯಾಕೆ?

ನರ್ಸರಿಯಲ್ಲಿ ಎತ್ತರದ ಗಿಡಕ್ಕೆ ಕೈ ಚಾಚುವುದು ಎಲ್ಲರ ಅಭ್ಯಾಸ. 6 ಇಂಚು ಅಗಲ, 9 ಇಂಚು ಎತ್ತರದ ಚೀಲದಲ್ಲಿ ನಾಲ್ಕಡಿ ಬೆಳೆದ ಸಸಿ ಇದೆಯೆಂದರೆ ಅದು ಕಳೆದ ವರ್ಷ ಮಾರಾಟವಾಗದೆ ಉಳಿದದ್ದು. ಒಳಗೆ ಬೇರು ಸುತ್ತು ಹೊಡೆದಿರುತ್ತದೆ. ಅಂಥ ಚೀಲಕ್ಕೆ ಎರಡಡಿ, ಹೆಚ್ಚೆಂದರೆ ಎರಡೂವರೆ ಅಡಿ ಸರಿಯಾದ ಅಳತೆ. ಬುಡ ದಪ್ಪಗಿದ್ದು ಮೇಲೆ ಹೋದಂತೆ ಸಪೂರವಾಗಬೇಕು. ಆಧಾರದ ಕಡ್ಡಿ ಬಿಚ್ಚಿದರೆ ಬಾಗಿ ಮಲಗುವ ಸಸಿ ಬೇಡ. ಚೀಲದ ತಳದಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ ಅದನ್ನು ಕಿತ್ತು ಕೊಡುತ್ತಾರೆ, ಅದೂ ಬೇಡ. ಕಸಿಯಾದರೆ ಗಂಟು ಪೂರ್ತಿ ಕೂಡಿದೆಯೇ ನೋಡಿ, ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ. ಮರೆತರೆ ಕಾಂಡ ದಪ್ಪವಾದಂತೆ ಅದೇ ಕೊರಳು ಬಿಗಿದು, ಮೂರನೇ ವರ್ಷ ಗಾಳಿಗೆ ಅಲ್ಲೇ ಮುರಿಯುತ್ತದೆ.

ಗುಂಡಿ ತೋಡಲು ಮಾರ್ಚ್, ಏಪ್ರಿಲ್ ಸಕಾಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಕೆಲಸವೂ ಹಗುರ. ಹಣ್ಣಿನ ಮರಕ್ಕೆ ಎರಡಡಿ ಆಳ ಸಾಕು, ಅಗಲ ಮೂರಡಿಯಿದ್ದರೆ ಒಳ್ಳೆಯದು. ಬೇರಿನ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಅಗಲಕ್ಕೆ ಓಡುತ್ತದೆ. ಮೇಲ್ಮಣ್ಣನ್ನು ಒಂದು ಕಡೆ, ಕೆಳಗಿನ ಕೆಂಪುಮಣ್ಣನ್ನು ಇನ್ನೊಂದು ಕಡೆ ಹಾಕಿ. ಹಾರೆ ತಾಗಿ ಗೋಡೆ ನುಣುಪಾಗಿದ್ದರೆ ಗುದ್ದಲಿಯಿಂದ ಕೆರೆದು ಒರಟು ಮಾಡಬೇಕು. ಜೇಡಿಮಣ್ಣಿನ ನುಣುಪು ಗೋಡೆಯೊಳಗೆ ಬೇರು ಸುತ್ತುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ, ನೀರೂ ಇಂಗುವುದಿಲ್ಲ. ಒಂದು ಪರೀಕ್ಷೆ ಮಾಡಿ: ಗುಂಡಿಗೆ ಎರಡು ಬಕೆಟ್ ನೀರು ಸುರಿದು ಬಿಡಿ. ಮರುದಿನವೂ ತಳದಲ್ಲಿ ನೀರು ನಿಂತಿದ್ದರೆ ಅಲ್ಲಿ ಬೆಣ್ಣೆಹಣ್ಣು, ಕಿತ್ತಳೆ, ಹಲಸು ಬೇಡ, ಅಥವಾ ದಿಬ್ಬ ಮಾಡಿ.

ನಮ್ಮ ಮಣ್ಣು ಬಹುತೇಕ ಹುಳಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿಕೊಂಡರೆ ಊಹೆಗೆ ಕೆಲಸವಿಲ್ಲ. ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ಗುಂಡಿಯ ಮಣ್ಣಿಗೆ ಅರ್ಧ ಕೆ.ಜಿ. ಕೃಷಿ ಸುಣ್ಣ ಬೆರೆಸಿ, ಮೂರು ವಾರ ಬಿಟ್ಟು ಗೊಬ್ಬರ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಮೇ ಕೊನೆಗೆ ಮೇಲ್ಮಣ್ಣಿಗೆ 10 ಕೆ.ಜಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, 250 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), ಅರ್ಧ ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ. ಅರ್ಧಂಬರ್ಧ ಕೊಳೆತ ಗೊಬ್ಬರ ಗೆದ್ದಲನ್ನೂ ಗೊಬ್ಬರದ ಹುಳವನ್ನೂ ಕರೆಯುತ್ತದೆ. ಗುಂಡಿಯ ತಳಕ್ಕೆ ಎಲೆಕಸ, ಸೊಪ್ಪು ತುಂಬುವ ಪದ್ಧತಿಯಿಂದ ಇನ್ನೊಂದು ಕೆಡುಕು: ಅದು ಕೊಳೆತು ಕುಗ್ಗಿದಾಗ ಮೇಲಿನ ಗಿಡವೂ ಕುಸಿದು, ಬುಡ ತಗ್ಗಿನಲ್ಲಿ ಕೂತು ನೀರು ಕುಡಿಯುತ್ತದೆ. ಹಾಗಾಗಿ ಪದರ ಪದರವಾಗಿ ಅದುಮುತ್ತ, ನೆಲಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಬರುವಂತೆ ತುಂಬಿ, ಒಂದೆರಡು ಮಳೆಗೆ ಕೂರಲು ಬಿಟ್ಟು ಆಮೇಲೆ ನೆಡಬೇಕು.

ನೆಡುವುದು ಜೂನ್ ಮೊದಲ ಹದಿನೈದು ದಿನದೊಳಗೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ, ಜಡಿಮಳೆಯಲ್ಲಿ ನೆಟ್ಟ ಸಸಿಯ ಬೇರಿಗೆ ಉಸಿರಾಡಲು ಗಾಳಿಯೇ ಸಿಗುವುದಿಲ್ಲ. ವನಮಹೋತ್ಸವ ಜುಲೈ ಮೊದಲ ವಾರಕ್ಕೆ ಬರುವುದು ಮಡಿಕೇರಿ, ವಿರಾಜಪೇಟೆಗೆ ತಡವೇ. ಕುಶಾಲನಗರ ಕಡೆಯವರಿಗೆ ಅಡ್ಡಿಯಿಲ್ಲ. ಜೂನ್ ತಪ್ಪಿದವರು ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ, ಸೆಪ್ಟೆಂಬರಿನಲ್ಲಿ ನೆಡಲಿ, ಬೇಸಿಗೆಗೆ ನೀರು ಹಾಕುವ ಮನಸ್ಸಿದ್ದರೆ.

ನೆಡುವ ಕ್ರಮದಲ್ಲಿ ಅವಸರ ಕೂಡದು. ಚೀಲದ ತಳವನ್ನಷ್ಟೇ ಕತ್ತರಿಸಿ ಇಳಿಸುವುದು ತಪ್ಪು, ಪ್ಲಾಸ್ಟಿಕ್ ಪೂರ್ತಿ ಹೊರಬರಬೇಕು. ಮಣ್ಣಿನ ಉಂಡೆಯ ಸುತ್ತ ಬೇರು ಸುತ್ತಿದ್ದರೆ ಹರಿತವಾದ ಚಾಕುವಿನಿಂದ ಮೇಲಿಂದ ಕೆಳಕ್ಕೆ ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಸೀಳಿ, ತಳದಲ್ಲಿ ಸುರುಳಿಯಾದ ಭಾಗವನ್ನು ಒಂದಿಂಚು ಕತ್ತರಿಸಿ ತೆಗೆಯಿರಿ. ಕರುಳು ಚುರ್ ಎನ್ನಬಹುದು, ಆದರೆ ಸುತ್ತಿದ ಬೇರು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಅದು ದಪ್ಪವಾಗುತ್ತ ಹೋಗಿ ಹತ್ತು ಹದಿನೈದು ವರ್ಷಕ್ಕೆ ಬುಡವನ್ನೇ ಹಿಸುಕುತ್ತದೆ, ಆಸರೆಯ ಬೇರು ಅಗಲಕ್ಕೆ ಹೋಗಿರುವುದೇ ಇಲ್ಲ. ಹೂಮಳೆಗೆ ಚೆನ್ನಾಗಿ ಚಿಗುರಿದ್ದ ಮರ ಆಗಸ್ಟ್‌ನಲ್ಲಿ ಇಡಿಯಾಗಿ ಮಗುಚುವುದು ಹೀಗೆ.

ಇನ್ನು ಆಳ. ಕಾಂಡ ಅಗಲವಾಗಿ ಮೊದಲ ಬೇರು ಹೊರಡುವ ಜಾಗ ಮಣ್ಣಿನ ಮೇಲೆ ಕಾಣಬೇಕು. ನರ್ಸರಿಯಲ್ಲೇ ಒಂದೆರಡು ಇಂಚು ಹೆಚ್ಚು ಮಣ್ಣು ಹಾಕಿರುತ್ತಾರೆ, ಬೆರಳಿನಿಂದ ಕೆದಕಿ ಹುಡುಕಿ. ಗುಂಡಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ಆ ಜಾಗ ಕೋಲಿಗಿಂತ ಎರಡು ಇಂಚು ಮೇಲೆ ಬರುವಂತೆ ಸಸಿಯನ್ನು ಕೂರಿಸಿ. ಗಟ್ಟಿಯಾಗಿ ನಿಲ್ಲಲಿ ಎಂದು ಆಳಕ್ಕೆ ಹೂತರೆ ಆಗುವುದು ವಿರುದ್ಧ: ಒದ್ದೆ ಮಣ್ಣು ತಾಗಿದ ತೊಗಟೆ ಕೊಳೆಯುತ್ತದೆ. ಮಣ್ಣನ್ನು ಕೈಯಿಂದ ಅದುಮಿ. ಒದ್ದೆ ಜೇಡಿಮಣ್ಣನ್ನು ಕಾಲಿನಿಂದ ತುಳಿದರೆ ಇಟ್ಟಿಗೆಯಾಗುತ್ತದೆ.

ಆಸರೆಗೆ ಎರಡು ಗೂಟ, ಬೇರಿನ ಉಂಡೆಯ ಹೊರಗೆ. ಸಸಿಯ ಎತ್ತರದ ಮೂರನೇ ಒಂದು ಭಾಗದಲ್ಲಿ ತೆಂಗಿನ ನಾರಿನ ಹಗ್ಗವನ್ನೋ ಹಳೆ ಬಟ್ಟೆಯನ್ನೋ ಸಡಿಲವಾಗಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಕಟ್ಟಿ. ಕಾಂಡ ಗಾಳಿಗೆ ತುಸು ಆಡಿದರೇ ಬುಡ ದಪ್ಪವಾಗುವುದು. ಒಂದು ವರ್ಷಕ್ಕೆ ಗೂಟ ತೆಗೆದುಬಿಡಿ. ಹಸಿ ಗ್ಲಿರಿಸಿಡಿಯಾ, ಹಾಲುವಾಣದ ಗೂಟ ನೆಟ್ಟರೆ ಅದೇ ಚಿಗುರಿ ನಿಮ್ಮ ಸಸಿಯನ್ನು ಮೀರಿಸುತ್ತದೆ!

ಇಳಿಜಾರಿನಲ್ಲಿ ಗಿಡದ ಮೇಲ್ಬದಿಗೆ ಅರ್ಧಚಂದ್ರಾಕಾರದ ಪಾತಿ ಮಾಡುವುದು ಬೇಸಿಗೆಗೆ ಸರಿ. ಜೂನ್‌ನಲ್ಲಿ ಅದರ ಒಂದು ಬದಿಯನ್ನು ಒಡೆದು ನೀರು ಹರಿದುಹೋಗಲು ದಾರಿ ಬಿಡದಿದ್ದರೆ ಗಿಡ ಮೂರು ತಿಂಗಳು ಕೊಳದಲ್ಲಿ ನಿಂತಿರುತ್ತದೆ. ಅಕ್ಟೋಬರ್ ನಡುವೆ ಬರುವ ತುಲಾ ಸಂಕ್ರಮಣದ ಹೊತ್ತಿಗೆ ಮತ್ತೆ ಮುಚ್ಚಿ, ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದೊಳಗೆ ಬುಡದ ಸುತ್ತ ಮೂರರಿಂದ ನಾಲ್ಕು ಇಂಚು ದರಗು ಹೊದಿಸಿ, ಕಾಂಡದಿಂದ ಅರ್ಧ ಅಡಿ ಬಿಟ್ಟು. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ಅದರಡಿ ಗೆದ್ದಲು ತೊಗಟೆ ತಿನ್ನುವುದು ಕಾಣುವುದೇ ಇಲ್ಲ.

ಫೋಟೊ ತೆಗೆಸಿಕೊಂಡ ಸಸಿಗಳು ಸಾಯುವುದು ಮೊದಲ ಫೆಬ್ರವರಿಯಲ್ಲಿ. ಜನವರಿಯಿಂದ ಹೂಮಳೆವರೆಗೆ ವಾರಕ್ಕೊಮ್ಮೆ 15ರಿಂದ 20 ಲೀಟರ್ ನೀರನ್ನು ಒಮ್ಮೆಗೇ, ನಿಧಾನವಾಗಿ, ಆಳಕ್ಕಿಳಿಯುವಂತೆ ಕೊಡಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರಡನೇ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ 30 ಲೀಟರ್, ಬುಡಕ್ಕಲ್ಲ, ಕೊಂಬೆಯ ತುದಿಯ ನೇರಕ್ಕೆ. ಮೂರನೇ ಬೇಸಿಗೆಗೆ ಎಲೆ ಬಾಡಿದರೆ ಮಾತ್ರ. ಗೊಬ್ಬರ ಮೊದಲ ವರ್ಷ 17:17:17 ಸಂಯುಕ್ತ ಗೊಬ್ಬರ 100 ಗ್ರಾಂ, ಮೇ ಕೊನೆಯಲ್ಲಿ ಅರ್ಧ, ಸೆಪ್ಟೆಂಬರಿನಲ್ಲಿ ಅರ್ಧ. ಜಡಿಮಳೆಯಲ್ಲಿ ಹಾಕಿದ್ದು ಹೊಳೆಗೆ. ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿ. ಬಿಟ್ಟರೆ ಎರಡು ವರ್ಷದಲ್ಲಿ ಮೇಲಿನ ಒಳ್ಳೆಯ ತಳಿ ಸತ್ತು ಕೆಳಗಿನ ಕಾಡುತಳಿ ಮರವಾಗಿರುತ್ತದೆ.

ಕಪಾತಿನಲ್ಲಿ, ಅಂದರೆ ಕೊಂಬೆ ಸವರುವುದರಲ್ಲಿ, ಕಾಫಿಗೆ ತೋರುವ ನಾಜೂಕನ್ನು ನಾವು ಮರಕ್ಕೆ ತೋರುವುದಿಲ್ಲ. ಮರಗಸಿ (ಮರದ ಕಪಾತು) ಎಂದರೆ ತಲೆ ಕಡಿಯುವುದು ಎಂದಾಗಿಬಿಟ್ಟಿದೆ. ತಲೆ ಕಡಿದ ಮರ ಮೋಟಿನ ತುದಿಯಿಂದ ಒಳಕ್ಕೆ ಕೊಳೆಯುತ್ತದೆ, ಪಕ್ಕದಿಂದ ಹತ್ತಾರು ಚಿಗುರು ಒಟ್ಟಿಗೇ ಎದ್ದು ನಾಲ್ಕೈದು ವರ್ಷಕ್ಕೆ ತೋಳುದಪ್ಪದ ಕೊಂಬೆಗಳಾಗುತ್ತವೆ. ಅವು ಅಂಟಿಕೊಂಡಿರುವುದು ತೊಗಟೆಯ ಹತ್ತಿರದ ತೆಳು ಪದರಕ್ಕಷ್ಟೇ, ಗಾಳಿಗೆ ಸೀಳಿಕೊಂಡು ಬರುತ್ತವೆ. ಎತ್ತರ ತಗ್ಗಿಸಲು ಕಡಿದ ಮರವೇ ಹೆಚ್ಚು ಅಪಾಯಕಾರಿಯಾಗುವುದು ಹೀಗೆ. ಬೇಕಾದದ್ದು ಒಳಗಿನ ಒಣ, ಅಡ್ಡಾದಿಡ್ಡಿ ಕೊಂಬೆಗಳನ್ನು ತೆಗೆದು ಗಾಳಿ ಹಾಯಲು ದಾರಿ ಮಾಡುವುದು, ಒಂದು ವರ್ಷಕ್ಕೆ ಸೊಪ್ಪಿನ ಕಾಲು ಭಾಗ ಮೀರದಂತೆ. ಗಿಡ ನಾಲ್ಕೈದು ವರ್ಷದ್ದಿರುವಾಗ ಕವಣೆಯಂತೆ ಕಿರಿದಾಗಿ ಕವಲೊಡೆದ ಎರಡು ಕಾಂಡಗಳಲ್ಲಿ ಒಂದನ್ನು ತೆಗೆದರೆ ಮುಂದೆ ಅರ್ಧ ಮರ ಸೀಳುವುದು ತಪ್ಪುತ್ತದೆ.

ದಪ್ಪ ಕೊಂಬೆಗೆ ಗರಗಸದ ಮೂರು ಕೊಯ್ತ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ಎರಡಿಂಚು ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಉಳಿದ ಮೋಟನ್ನು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರದಂಥ ಭಾಗ ಕಾಣುತ್ತದಲ್ಲ, ಅದರ ಹೊರಗೆ ಕೊಯ್ಯಿರಿ. ಗಾಯ ಮುಚ್ಚುವ ಅಂಗಾಂಶ ಇರುವುದು ಆ ಉಬ್ಬಿನಲ್ಲೇ. ಕತ್ತಿಯಿಂದ ಒಂದೇ ಏಟಿಗೆ ಕಡಿದರೆ ಕೊಂಬೆ ತನ್ನ ಭಾರಕ್ಕೆ ತೊಗಟೆಯನ್ನು ಬುಡದವರೆಗೂ ಸುಲಿದುಕೊಂಡು ಹೋಗುತ್ತದೆ. ಟಾರು, ಪೇಂಟ್ ಬಳಿಯಬೇಡಿ, ಒಳಗಿನ ತೇವ ಹಿಡಿದಿಟ್ಟು ಕೊಳೆಸುತ್ತವೆ. ಕಿತ್ತಳೆ ಜಾತಿಗೆ ಮಾತ್ರ ಬೋರ್ಡೋ ಮುಲಾಮು. ಈ ಕೆಲಸ ಜನವರಿಯಿಂದ ಮಾರ್ಚ್‌ನೊಳಗೆ ಮುಗಿಯಲಿ. ತಂತಿಯ ಹತ್ತಿರದ ಕೊಂಬೆಗೆ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ಕಚೇರಿಗೆ ತಿಳಿಸಿ ಲೈನ್ ಆಫ್ ಮಾಡಿಸದೆ ಕೈ ಹಾಕಬಾರದು, ಅಲ್ಯೂಮಿನಿಯಂ ಏಣಿಯನ್ನಂತೂ ತಂತಿಯ ಕೆಳಗೆ ತರಲೇಬಾರದು.

ದೊಡ್ಡ ಮರವಿರುವ ಜಾಗದಲ್ಲಿ ಮನೆ ಕಟ್ಟುವವರಿಗೂ ಒಂದು ಮಾತು. ಕಾಂಡ ಒಂದಡಿ ದಪ್ಪವಿದ್ದರೆ ಸುತ್ತ 10-12 ಅಡಿಯೊಳಗೆ ಜೆಸಿಬಿ ಬರಬಾರದು. ಒಂದು ಬದಿಯ ಬೇರು ಹೋದ ಮರ ಅದೇ ವರ್ಷ ಬೀಳಲಿಕ್ಕಿಲ್ಲ, ಮೂರು ನಾಲ್ಕು ಮಳೆಗಾಲ ಕಳೆದು ಬೀಳುತ್ತದೆ. ಅಷ್ಟರಲ್ಲಿ ಕಾರಣ ಮರೆತಿರುತ್ತೇವೆ. ಅಗೆದ ಮಣ್ಣನ್ನು ಬುಡಕ್ಕೆ ಒಂದಡಿ ಸುರಿದು ಸಮ ಮಾಡುವುದೂ, ಕಾಂಡದವರೆಗೆ ಇಂಟರ್‌ಲಾಕ್ ಹಾಸುವುದೂ ನಿಧಾನವಾಗಿ ಉಸಿರು ಕಟ್ಟಿಸುತ್ತವೆ. ಮೇ ತಿಂಗಳಲ್ಲಿ ಒಮ್ಮೆ ಮರದ ಸುತ್ತ ನಡೆದು ನೋಡಿ: ಬುಡದಲ್ಲಿ ಅಣಬೆ, ಹೊಸದಾಗಿ ವಾಲಿದ್ದು, ವಾಲಿದ ವಿರುದ್ಧ ಬದಿಯ ನೆಲದಲ್ಲಿ ಬಿರುಕು, ತಟ್ಟಿದರೆ ಟೊಳ್ಳು ಸದ್ದು. ಬಿರುಕು ಮತ್ತು ವಾಲು ಎರಡೂ ಇದ್ದರೆ ಮಳೆಗಾಲಕ್ಕೆ ಕಾಯಬೇಡಿ. ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಇವು ಯಾವುವೂ ಕಾಣುವುದಿಲ್ಲ, ಬಳ್ಳಿ ಸರಿಸಿಯೇ ನೋಡಬೇಕು. ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಬೀಟೆಯಂಥ ಮರವನ್ನು ಮನೆಯ ಪಕ್ಕ ನೆಟ್ಟು, ಆಮೇಲೆ ಅನುಮತಿಗಾಗಿ ಅಲೆಯುವುದು ಯಾರಿಗೂ ಬೇಡ.

ಸಸಿ ಹಂಚುವ ಇಲಾಖೆ, ಸಂಘ, ಶಾಲೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಪ್ರತಿ ಚೀಲಕ್ಕೂ ಒಂದು ಚೀಟಿ ಇರಲಿ: ಮರದ ಹೆಸರು, ಪೂರ್ತಿ ಬೆಳೆದಾಗಿನ ಎತ್ತರ ಮತ್ತು ಹರವು, ಮನೆಯಿಂದ ಎಷ್ಟು ದೂರ, ಬೀಜದ್ದೋ ಕಸಿಯೋ. ಹಂಚಿಕೆ ಮೇ ಕೊನೆಯ ವಾರಕ್ಕೆ ಬರಲಿ. ಅಂಗಳವಿಲ್ಲದವರಿಗೆ ಹೆಬ್ಬಲಸಿನ ಸಸಿ ಕೊಡುವ ಬದಲು ಒಂದು ನಿಂಬೆಯ ಕಸಿ ಕೊಡಿ.

ಇತಿ,
ತೋಟ, ನರ್ಸರಿ ಕೆಲಸದಲ್ಲಿರುವ ಕೆಲವು ಓದುಗರು
ಮಡಿಕೇರಿ ತಾಲ್ಲೂಕು